ಒಂದು ಪಾತ್ರೆ, ಒಂದು ಚೀಲ: ಮನೆ ಬಿಯರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಾನು ಕಲಬುರಗಿಯವನು. ಜೂನ್‌ನಲ್ಲಿ ಓದಲು ಮೆಲ್ಬರ್ನ್‌ಗೆ ಹೋಗುತ್ತಿದ್ದೇನೆ. ಅಲ್ಲಿ ನಮ್ಮ ಕಾಕಾನ ಮಗ ಮನೆಯಲ್ಲೇ ಬಿಯರ್ ಮಾಡ್ತಾನೆ. ಒಂದು ದೊಡ್ಡ ಪಾತ್ರೆ, ಒಂದು ಬಟ್ಟೆ ಚೀಲ ಸಾಕು ಅಂತಾನೆ. ಈ ‘ಬ್ರೂ ಇನ್ ಎ ಬ್ಯಾಗ್’ ಅಂದರೆ ಏನು? ಮೊದಲ ಸಲಕ್ಕೆ ಎಷ್ಟು ಮಾಡಬೇಕು, ಏನೇನು ಬೇಕು? ಹೋಗುವ ಮುಂಚೆ ಇಲ್ಲೇ ಮಾಳಿಗೆ ಮೇಲೆ ಒಮ್ಮೆ ಮಾಡಿ ನೋಡಬಹುದಾ?

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಬೇಡ ತಮ್ಮಾ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವುದು ಅಪರಾಧ. ‘ನಾನೊಬ್ಬನೇ ಕುಡಿಯೋದು, ಮಾರೋದಿಲ್ಲ’ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಬಹುದು. ಮಾರುವಂತಿಲ್ಲ, ಭಟ್ಟಿ ಇಳಿಸುವಂತಿಲ್ಲ. ವೀಸಾ ಮೇಲೆ ಹೋಗುವವರು ಈ ಗೆರೆಯನ್ನು ಚೆನ್ನಾಗಿ ನೆನಪಿಡಬೇಕು.

ಹಾಗಂತ ಇಲ್ಲಿ ಕೈ ಕಟ್ಟಿ ಕೂರಬೇಕಾಗಿಲ್ಲ. ಬರೀ ನೀರಿನಿಂದಲೇ ಅರ್ಧ ಪಾಠ ಕಲಿಯಬಹುದು. ಅದನ್ನು ಆಮೇಲೆ ಹೇಳುತ್ತೇನೆ.

ಬಿಯರ್‌ನ ಮೂಲ ಕೆಲಸ ಸರಳ. ಜವೆಗೋಧಿಗೆ, ಅಂದರೆ ಬಾರ್ಲಿಗೆ, ಮೊಳಕೆ ಬರಿಸಿ ಒಣಗಿಸಿದರೆ ಅದು ಮಾಲ್ಟ್. ಅದನ್ನು ಒಡೆದು ಹದವಾದ ಬಿಸಿನೀರಲ್ಲಿ ನೆನೆಸಿದರೆ ಕಾಳೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಇದಕ್ಕೆ ಮ್ಯಾಶ್ ಅನ್ನುತ್ತಾರೆ. ಬಂದ ಸಿಹಿ ರಸದ ಹೆಸರು ವರ್ಟ್. ಅದನ್ನು ಹಾಪ್ಸ್ (ಕಹಿ, ಘಮ ಕೊಡುವ ಒಂದು ಬಳ್ಳಿಯ ಹೂವು) ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬಿಟ್ಟರೆ ಬಿಯರ್. ಹಳೇ ಪದ್ಧತಿಯಲ್ಲಿ ಇದಕ್ಕೆ ಮೂರು ಪಾತ್ರೆ ಬೇಕಿತ್ತು. ನೀರು ಕಾಯಿಸಲು ಒಂದು, ಕಾಳು ನೆನೆಸಲು ಒಂದು, ಕುದಿಸಲು ಇನ್ನೊಂದು. ಕಾಳನ್ನೆಲ್ಲ ಚೀಲಕ್ಕೆ ಹಾಕಿ ಒಂದೇ ಪಾತ್ರೆಯಲ್ಲಿ ಎಲ್ಲ ಮುಗಿಸುವ ಉಪಾಯವನ್ನು ಬಳಕೆಗೆ ತಂದವರು ಆಸ್ಟ್ರೇಲಿಯಾದ ಹವ್ಯಾಸಿಗಳೇ, 2000ರ ದಶಕದ ಮಧ್ಯದಲ್ಲಿ. ನೀವು ತವರಿಗೇ ಹೋಗುತ್ತಿದ್ದೀರಿ.

ಎಲ್ಲರೂ 20 ಲೀಟರ್ ಮಾಡುತ್ತಾರೆ. ನೀವು 10 ಲೀಟರ್‌ನಿಂದ ಶುರು ಮಾಡಿ. ಅಡುಗೆಮನೆ ಒಲೆ ಸಾಕು, ಚೀಲ ಎತ್ತುವಾಗ ಸೊಂಟ ಉಳಿಯುತ್ತದೆ, ಕೆಟ್ಟರೂ ಹೊಟ್ಟೆ ಜಾಸ್ತಿ ಉರಿಯುವುದಿಲ್ಲ. 20 ಲೀಟರ್ ಹಿಡಿಯುವ ಸ್ಟೀಲ್ ಪಾತ್ರೆ ಬೇಕು. ಪಾತ್ರೆಯ ಒಳಸುತ್ತಿಗೆ ಪೂರ್ತಿ ಕೂರುವ, ತೆಳು ಪಾಲಿಯೆಸ್ಟರ್ ಅಥವಾ ನೈಲಾನ್ ಜಾಳಿಗೆ ಬಟ್ಟೆಯ ಚೀಲ ಬೇಕು. ಚಿಕ್ಕ ಚೀಲದಲ್ಲಿ ಕಾಳು ಗಟ್ಟಿಯಾಗಿ ಮುದ್ದೆ ಕಟ್ಟಿಕೊಂಡರೆ ನೀರು ಒಳಗೆ ಇಳಿಯುವುದೇ ಇಲ್ಲ. ಇನ್ನು ಒಳ್ಳೆಯ ಥರ್ಮಾಮೀಟರ್, ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಗೆ ಬಿಟ್ಟು ಹೊರಗಿನ ಗಾಳಿ ತಡೆಯುವ ಬಿರಡೆ) ಇರುವ ಫರ್ಮೆಂಟರ್, ಅಂದರೆ ಬಿಯರ್ ಹುಳಿಯಲು ಬಿಡುವ ಡಬ್ಬ, ಮತ್ತು ಪಾತ್ರೆ-ಪೈಪು ಅದ್ದಿ ಶುಚಿ ಮಾಡುವ ಸ್ಯಾನಿಟೈಸರ್. ದುಡ್ಡು ಉಳಿಸಲೇಬೇಕು ಅಂದರೆ ಬೇರೆ ಎಲ್ಲಿ ಬೇಕಾದರೂ ಉಳಿಸಿ, ಥರ್ಮಾಮೀಟರ್‌ನಲ್ಲಿ ಬೇಡ.

ಲೆಕ್ಕ ಹೀಗೆ. ಪೇಲ್ ಮಾಲ್ಟ್ 2.4 ಕಿಲೋ. ನೀರು 15 ಲೀಟರ್‌ಗಿಂತ ಸ್ವಲ್ಪ ಹೆಚ್ಚು. ಕಾಳು ಒಂದೂಕಾಲು ಲೀಟರ್ ಹೀರಿಕೊಳ್ಳುತ್ತದೆ. ಒಂದು ಗಂಟೆ ಕುದಿಸಿದರೆ ಮೂರು ಲೀಟರ್ ಹತ್ತಿರ ಆವಿಯಾಗುತ್ತದೆ. ತಳದ ಗಸಿ ಬಿಟ್ಟು 10 ಲೀಟರ್ ಫರ್ಮೆಂಟರ್‌ಗೆ ಸಿಗುತ್ತದೆ. ಮಾಲ್ಟನ್ನು ಅಂಗಡಿಯವರ ಹತ್ತಿರವೇ ಒಡೆಸಿ, ‘ಬ್ಯಾಗ್‌ಗೆ ಬೇಕು, ಸ್ವಲ್ಪ ಸಣ್ಣ ಮಾಡಿ’ ಅನ್ನಿ. ಮೂರು ಪಾತ್ರೆ ಪದ್ಧತಿಯಲ್ಲಿ ಸಣ್ಣ ಮಾಡಿದರೆ ಸೋಸುವಾಗ ಕಟ್ಟಿಕೊಳ್ಳುತ್ತದೆ. ಚೀಲಕ್ಕೆ ಆ ಚಿಂತೆ ಇಲ್ಲ. ಹಾಗಂತ ಹಿಟ್ಟು ಮಾಡಿಸಬೇಡಿ.

ಈಗ ಮುಖ್ಯ ಜಾಗಕ್ಕೆ ಬಂದೆವು. ನೀರನ್ನು 69 ಡಿಗ್ರಿಗೆ ಕಾಯಿಸಿ ಒಲೆ ಆರಿಸಿ. ಚೀಲವನ್ನು ಪಾತ್ರೆಯ ಬಾಯಿಗೆ ಹೊಂದಿಸಿ, ಮಾಲ್ಟ್ ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ಗಂಟಾಗದಂತೆ ಕಲಸಿ. ಕಾಳು ಬಿದ್ದ ಮೇಲೆ 66ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇನ್ನು ಒಂದು ಗಂಟೆ ಅದು ಅಲ್ಲೇ ಇರಬೇಕು. 63-64 ಆದರೆ ಯೀಸ್ಟ್ ತಿನ್ನಬಲ್ಲ ಸಕ್ಕರೆ ಜಾಸ್ತಿಯಾಗಿ ಬಿಯರ್ ತೆಳ್ಳಗಾಗುತ್ತದೆ. 69-70 ಆದರೆ ಯೀಸ್ಟ್‌ಗೆ ಅರಗದ ಸಕ್ಕರೆ ಉಳಿದು ಮೈದುಂಬಿ ಬರುತ್ತದೆ. 75 ದಾಟಿತೋ, ಕಿಣ್ವಗಳು ಸತ್ತಂತೆಯೇ. ಹೊಸಬರು ಒಂದೆರಡು ಡಿಗ್ರಿ ಇಳಿದ ಕೂಡಲೇ ಗಾಬರಿಯಾಗಿ ಒಲೆ ಹಚ್ಚುತ್ತಾರೆ. ತಳಕ್ಕೆ ತಾಗಿದ ಚೀಲ ಸೀದು ತೂತಾಗುತ್ತದೆ. ಒಲೆ ಹಚ್ಚಲೇಬೇಕಾದರೆ ಚೀಲ ಎತ್ತಿ ಹಿಡಿದಿರಿ, ಇಲ್ಲವೇ ತಳದಲ್ಲಿ ಮೊದಲೇ ಒಂದು ಸ್ಟೀಲ್ ಜಾಲರಿ ತಟ್ಟೆ ಬೋರಲು ಹಾಕಿರಿ. ಅದಕ್ಕಿಂತ ಒಳ್ಳೆಯದು, ಮುಚ್ಚಳ ಮುಚ್ಚಿ ದಪ್ಪ ಹೊದಿಕೆ ಸುತ್ತಿಡುವುದು. ಸೂಟ್‌ಕೇಸಿನಲ್ಲಿ ಜಾಗ ಇದ್ದರೆ ಅಜ್ಜಿ ಹೊಲಿದ ಒಂದು ಕೌದಿ ಒಯ್ಯಿರಿ. ತಮಾಷೆಗೆ ಹೇಳುತ್ತಿಲ್ಲ, ಇದಕ್ಕೆ ಅದರಷ್ಟು ಒಳ್ಳೆಯ ಸಾಧನ ಇಲ್ಲ.

ನಾನು ಹೇಳಿದ ನೀರಿನ ಪಾಠ ಇದೇ. ಇಲ್ಲಿ ನಿಮ್ಮ ಮನೆಯ ದೊಡ್ಡ ಪಾತ್ರೆಯಲ್ಲಿ 15 ಲೀಟರ್ ನೀರನ್ನು 67ಕ್ಕೆ ಕಾಯಿಸಿ, ಕೌದಿ ಸುತ್ತಿ, ಗಂಟೆ ಬಿಟ್ಟು ಎಷ್ಟು ಇಳಿದಿದೆ ನೋಡಿ. ಆಮೇಲೆ ಅದನ್ನೇ ಮುಚ್ಚಳ ತೆಗೆದು ಒಂದು ಗಂಟೆ ಕುದಿಸಿ, ಆರಿದ ಮೇಲೆ ಎಷ್ಟು ಉಳಿದಿದೆ ಅಳೆಯಿರಿ. ಕಲಬುರಗಿಯ ಒಲೆ, ಮೆಲ್ಬರ್ನ್‌ನ ಒಲೆ ಒಂದೇ ಅಲ್ಲ. ಆದರೆ ಏನನ್ನು ಅಳೆಯಬೇಕು ಅನ್ನೋದು ಕೈಗೆ ಹತ್ತುತ್ತದೆ. ಬೋರ್ ನೀರು ಬಳಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪುಡಿ ಕೂತಿರುವುದನ್ನೂ ನೋಡುತ್ತೀರಿ. ಶಹಾಬಾದ್ ಪರ್ಸಿ ಸಿಗುವ ನೆಲ ನಮ್ಮದು. ಸುಣ್ಣದಕಲ್ಲಿನ ನೀರು ಗಡಸಾಗಿಯೇ ಇರುತ್ತದೆ. ಅಂಥ ನೀರು ಕಪ್ಪು ಬಿಯರ್‌ಗೆ ನಡೆಯುತ್ತದೆ, ಏಕೆಂದರೆ ಹುರಿದ ಮಾಲ್ಟ್‌ನ ಹುಳಿ ಅದನ್ನು ಸರಿದೂಗಿಸುತ್ತದೆ. ತಿಳಿ ಬಣ್ಣದ ಬಿಯರ್ ಮಾತ್ರ ಒಗರಾಗುತ್ತದೆ. ಮೆಲ್ಬರ್ನ್ ನಲ್ಲಿ ನೀರು ಬಹಳ ಮೆತ್ತಗೆ, ಅಲ್ಲಿ ಆ ತಲೆನೋವಿಲ್ಲ. ಕ್ಲೋರಿನ್ ಹೋಗಲು ಕ್ಯಾಂಪ್‌ಡೆನ್ ಮಾತ್ರೆಯ ಕಾಲು ಭಾಗ ಪುಡಿ ಮಾಡಿ ಹಾಕಿದರೆ ಮುಗಿಯಿತು.

ಗಂಟೆ ಆದ ಮೇಲೆ ಚೀಲ ಎತ್ತಿ, ಶ್ರೀಖಂಡಕ್ಕೆ ಚಕ್ಕಾ ಕಟ್ಟಿ ತೂಗುಬಿಟ್ಟ ಹಾಗೆ ಪಾತ್ರೆಯ ಮೇಲೆಯೇ ತೂಗುಬಿಡಿ. ದಪ್ಪ ರಬ್ಬರ್ ಕೈಗವಸು ಹಾಕಿ ಹಿಂಡಿ. ಹಿಂಡಿದರೆ ಒಗರು ಬರುತ್ತದೆ ಅಂತ ಹಳಬರು ಹೆದರಿಸುತ್ತಾರೆ. ಚಿಂತೆ ಮಾಡಬೇಡಿ, ಹಿಂಡಿ. ಒಗರು ತರುವುದು ಗಡಸು ನೀರು ಮತ್ತು ಅತಿ ಬಿಸಿ, ನಿಮ್ಮ ಕೈಯಲ್ಲ.

ಕುದಿಸುವಾಗ ಮುಚ್ಚಳ ತೆಗೆದೇ ಇರಬೇಕು. ಬೇಯಿಸಿದ ಮೆಕ್ಕೆಜೋಳದ ವಾಸನೆ ಕೊಡುವ ಒಂದು ಗಂಧಕದ ಅಂಶ ಆವಿಯಲ್ಲಿ ಹೋಗಬೇಕು. ಮೊದಲ ಕುದಿಗೆ ನೊರೆ ದಿಢೀರ್ ಅಂತ ಉಕ್ಕುತ್ತದೆ, ಒಲೆ ಬಿಟ್ಟು ಕದಲಬೇಡಿ. ಕುದಿ ಶುರುವಾದಾಗ ಕ್ಯಾಸ್ಕೇಡ್ ಥರದ ಹಾಪ್ಸ್ 20 ಗ್ರಾಂ. ಅದು ಕಹಿಗೆ. ಕೊನೆಯ ಐದು ನಿಮಿಷಕ್ಕೆ ಇನ್ನೊಂದು 10-15 ಗ್ರಾಂ. ಅದು ಘಮಕ್ಕೆ.

ಒಲೆ ಆರಿಸಿದ ಕ್ಷಣದಿಂದ ಶುಚಿಯ ಲೆಕ್ಕ ಶುರು. ಆಮೇಲೆ ತಾಗುವ ಚಮಚ, ಪೈಪು, ಮುಚ್ಚಳ ಎಲ್ಲವೂ ಸ್ಯಾನಿಟೈಸರ್‌ನಲ್ಲಿ ಮುಳುಗಿ ಬರಬೇಕು. ಪಾತ್ರೆಯನ್ನು ಐಸ್ ನೀರಿನ ಸಿಂಕ್‌ನಲ್ಲಿಟ್ಟು 20 ಡಿಗ್ರಿಗೆ ಇಳಿಸಿ, ಫರ್ಮೆಂಟರ್‌ಗೆ ಸುರಿದು, ಒಣ ಏಲ್ ಯೀಸ್ಟ್ (ಕೋಣೆಯ ಹದ ಬಿಸಿಯಲ್ಲಿ ಹುಳಿಯುವ ಬಿಯರ್‌ನ ಯೀಸ್ಟ್) ಬಿಡಿ. ಪ್ಯಾಕೆಟ್ 20 ಲೀಟರ್‌ಗೆ ಅಂತ ಬರೆದಿದ್ದರೂ ಪೂರ್ತಿ ಹಾಕಿ, ಏನೂ ಆಗಲ್ಲ. ಮೆಲ್ಬರ್ನ್‌ನಲ್ಲಿ ಜೂನ್-ಜುಲೈ ಅಂದರೆ ಚಳಿಗಾಲ. ಮನೆಯೊಳಗಿನ 18-20 ಡಿಗ್ರಿ ಮೂಲೆ ಹುಡುಕಿ.

ಹೈಡ್ರೋಮೀಟರ್ ಶುರುವಿನಲ್ಲಿ ಸುಮಾರು 1.045 ತೋರಿಸಿ ಎರಡು ವಾರದಲ್ಲಿ 1.010ರ ಹತ್ತಿರ ಬಂದರೆ ಆಲ್ಕೋಹಾಲ್ ಶೇ 4.6ರಷ್ಟು. ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತಿತು ಅಂತ ಬಾಟಲಿಗೆ ತುಂಬಬೇಡಿ. ಮೂರು ದಿನ ಬಿಟ್ಟು ನೋಡಿದರೂ ಅದೇ ಅಂಕಿ ಇರಬೇಕು. ಆಮೇಲೆ ಲೀಟರಿಗೆ 6 ಗ್ರಾಂ ಸಕ್ಕರೆಯಂತೆ ಕರಗಿಸಿ ಬೆರೆಸಿ, ಬಾಟಲಿಗೆ ತುಂಬಿ, ಎರಡು ವಾರ ಕತ್ತಲಲ್ಲಿ ಇಡಿ. ಅವಸರಪಟ್ಟು ತುಂಬಿದವರ ಬಾಟಲಿ ಕಪಾಟಿನೊಳಗೇ ಒಡೆಯುತ್ತದೆ. ಗಾಜಿನ ಚೂರು ಕಣ್ಣಿಗೆ ಹೊಡೆಯುವಷ್ಟು ಜೋರಾಗಿ. ಮೊದಲ ಸಲ ಪ್ಲಾಸ್ಟಿಕ್ ಪೆಟ್ ಬಾಟಲಿಯೇ ವಾಸಿ. ಒತ್ತಿ ನೋಡಿದರೆ ಗ್ಯಾಸ್ ಕಟ್ಟಿದ್ದು ಗೊತ್ತಾಗುತ್ತದೆ.

ಪ್ರಶ್ನೆ: ನಾವು ಬೀದರ್‌ನವರು. ಮಗ ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಕಾಯಿಸುತ್ತಾನಂತೆ. ಫೋಟೊ ನೋಡಿ ಎದೆ ಧಸಕ್ಕೆಂದಿತು. ಕಳ್ಳಭಟ್ಟಿ ಕುಡಿದು ಜನ ಕಣ್ಣು ಕಳೆದುಕೊಂಡ ಸುದ್ದಿ ಓದಿದ್ದೇವೆ. ಇದೂ ಹಾಗೇ ಆಗುವುದಿಲ್ಲವೇ? ಪೊಲೀಸರು ಹಿಡಿಯುವುದಿಲ್ಲವೇ?

ಅಕ್ಕಾವ್ರೇ, ಪೊಲೀಸರ ವಿಷಯಕ್ಕೆ ನಿಶ್ಚಿಂತೆಯಾಗಿರಿ. ಅಮೆರಿಕದಲ್ಲಿ 1978ರಲ್ಲೇ ಇದಕ್ಕೆ ಕೇಂದ್ರದ ಕಾನೂನು ಬಂದಿದೆ. ದೊಡ್ಡವರು ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಇದ್ದರೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ.

ವಿಷದ ಭಯ ಸಹಜ. ಆದರೆ ಕಣ್ಣು ಹೋಗುವುದು ಮೆಥನಾಲ್‌ನಿಂದ. ಕಳ್ಳಭಟ್ಟಿ ದುರಂತಗಳಲ್ಲಿ ಸಾಮಾನ್ಯವಾಗಿ ಕಾರ್ಖಾನೆಯ ಮೆಥನಾಲ್ ಬೆರೆಸಿರುತ್ತಾರೆ. ಬಿಯರ್‌ನಲ್ಲಿ ಭಟ್ಟಿ ಇಳಿಸುವ ಕೆಲಸವೇ ಇಲ್ಲ. ಕಾಳಿನಿಂದ ಆಗುವ ಬಿಯರ್‌ನಲ್ಲಿ ಮೆಥನಾಲ್ ಅಪಾಯದ ಮಟ್ಟಕ್ಕೆ ಬರುವುದಿಲ್ಲ. ಅದು ಕೆಟ್ಟರೆ ಹುಳಿಯಾಗುತ್ತದೆ, ನಾರುತ್ತದೆ, ಅಷ್ಟೇ. ಮಗನಿಗೆ ಹೇಳಬೇಕಾದ್ದು ಬೇರೆ: ಕುದಿಯುವ ಪಾತ್ರೆಯನ್ನು ಒಬ್ಬನೇ ಎತ್ತಬೇಡ, ಮಕ್ಕಳನ್ನು ಒಲೆ ಹತ್ತಿರ ಬಿಡಬೇಡ. ಮನೆಯಲ್ಲೇ ಇದೆ ಅಂತ ದಿನಾ ಕುಡಿಯುತ್ತಾನೆಯೇ ಅಂತ ಕೇಳುವ ಹಕ್ಕು ತಾಯಿಗೆ ಇದ್ದೇ ಇದೆ, ಕೇಳಿ.

ಪ್ರಶ್ನೆ: ಯಾದಗಿರಿ ಜಿಲ್ಲೆಯ ಶಹಾಪುರದ ರೈತ ನಾನು. ಬಾರ್ಲಿ ನಮ್ಮಲ್ಲಿ ಇಲ್ಲ, ಬಿಳಿಜೋಳ ಬೇಕಾದಷ್ಟಿದೆ. ಜೋಳದ ಮೊಳಕೆಯಿಂದ ಬಿಯರ್ ಆಗುತ್ತದೆಯೇ?

ಆಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಜೋಳದ ಬಿಯರ್ ಹಳೆಯ ಪದ್ಧತಿ. ನೈಜೀರಿಯ 1988ರಲ್ಲಿ ಬಾರ್ಲಿ ಮಾಲ್ಟ್ ಆಮದು ನಿಲ್ಲಿಸಿದಾಗ ಅಲ್ಲಿನ ದೊಡ್ಡ ಬ್ರೂವರಿಗಳೂ ಜೋಳಕ್ಕೆ ತಿರುಗಿದವು. ಗೋಧಿ, ಬಾರ್ಲಿಯ ಗ್ಲೂಟನ್ ಆಗದವರಿಗೂ ಈ ಬಿಯರ್ ನಡೆಯುತ್ತದೆ.

ತೊಡಕು ಎರಡು. ಒಂದು, ಜೋಳದ ಪಿಷ್ಟ ಬೇಯಲು 70 ಡಿಗ್ರಿ ದಾಟಬೇಕು. ಅಷ್ಟು ಬಿಸಿಗೆ ಕಿಣ್ವಗಳು ಸಾಯತೊಡಗುತ್ತವೆ. ಬಾರ್ಲಿಗೆ ಹೋಲಿಸಿದರೆ ಜೋಳದಲ್ಲಿ ಅವು ಕಡಿಮೆಯೂ ಹೌದು. ಹಾಗಾಗಿ ಜೋಳದ ಮಾಲ್ಟನ್ನು ಮೊದಲು ಬೆಚ್ಚಗಿನ ನೀರಲ್ಲಿ ನೆನೆಸಿ ಮೇಲಿನ ತಿಳಿಯನ್ನು ತೆಗೆದಿಡುತ್ತಾರೆ. ಕಿಣ್ವ ಆ ತಿಳಿಯಲ್ಲಿರುತ್ತದೆ. ಉಳಿದ ಕಾಳನ್ನು ಅಂಬಲಿಯಂತೆ ಬೇಯಿಸಿ, 65ಕ್ಕೆ ಆರಿಸಿ, ತಿಳಿಯನ್ನು ವಾಪಸ್ ಸೇರಿಸುತ್ತಾರೆ.

ಎರಡನೆಯದು ನಿಮಗೇ ಚೆನ್ನಾಗಿ ಗೊತ್ತು. ಎಳೆ ಜೋಳದ ಪೈರಿಗೆ, ಬರಕ್ಕೆ ಬಾಡಿದ ಕೂಳೆ ಚಿಗುರಿಗೆ ದನ ಬಾಯಿ ಹಾಕದಂತೆ ಕಾಯುತ್ತೀರಲ್ವಾ? ಅದೇ ಸೈನೈಡ್ ವಿಷದ ಮೂಲ ಮೊಳಕೆಯಲ್ಲೂ ಇದೆ. ಹಸಿ ಜೋಳದ ಮೊಳಕೆಯನ್ನು ಹೆಸರುಕಾಳಿನ ಮೊಳಕೆಯಂತೆ ತಿನ್ನಬಾರದು. ಒಣಗಿಸಿ, ಬೇರು-ಮೊಳಕೆ ಪೂರ್ತಿ ಉಜ್ಜಿ ತೂರಿ ತೆಗೆದ ಮೇಲೆಯೇ ಕಾಳು ಬಳಕೆಗೆ. ನಮ್ಮಲ್ಲಿ ಬಿಯರ್ ಮಾಡಲು ಲೈಸೆನ್ಸ್ ಬೇಕು ಅಂತ ಮೇಲೆಯೇ ಹೇಳಿದ್ದೇನೆ. ಕಾನೂನಿನ ಗೋಜಿಲ್ಲದೆ ಮಾಡಬಹುದಾದದ್ದು ಜೋಳದ ಮಾಲ್ಟ್ ಹಿಟ್ಟು. ಅದನ್ನು ಚೆನ್ನಾಗಿ ಕುದಿಸಿ ಕುಡಿಯಿರಿ. ಕೂಸುಗಳಿಗೆ ಮಾತ್ರ ರಾಗಿ ಮಾಲ್ಟೇ ಇರಲಿ.

ಪ್ರಶ್ನೆ: ಊರು ಚಿಂಚೋಳಿ, ಈಗ ಪರ್ತ್‌ನಲ್ಲಿದ್ದೇನೆ. ಜನವರಿಯಲ್ಲಿ ಬ್ಯಾಗ್ ಪದ್ಧತಿಯಲ್ಲಿ ಮಾಡಿದ ಬಿಯರ್ ಬಾಳೆಹಣ್ಣು, ನೇಲ್ ಪಾಲಿಶ್ ವಾಸನೆ ಹೊಡೆಯುತ್ತಿದೆ. ಫರ್ಮೆಂಟರ್ ಗ್ಯಾರೇಜಿನಲ್ಲಿತ್ತು. ಚೀಲದ ದೋಷವೇ?

ಚೀಲ ಪಾಪ, ಅದರದ್ದೇನೂ ತಪ್ಪಿಲ್ಲ. ಪರ್ತ್‌ನ ಜನವರಿ ಅಂದರೆ ಬಿರುಬೇಸಿಗೆ. ಸಾಮಾನ್ಯ ಏಲ್ ಯೀಸ್ಟ್ 30 ಡಿಗ್ರಿ ದಾಟಿದರೆ ಇಂಥ ವಾಸನೆಯ, ಎಸ್ಟರ್ ಎಂಬ ರಾಸಾಯನಿಕಗಳನ್ನು ಬಿಡುತ್ತದೆ. ಯೀಸ್ಟ್ ಕೆಲಸ ಮಾಡುವಾಗ ತಾನೇ ಶಾಖ ಹುಟ್ಟಿಸುತ್ತದೆ. ಹಾಗಾಗಿ ಒಳಗೆ ಕೋಣೆಗಿಂತ ಮೂರ್ನಾಲ್ಕು ಡಿಗ್ರಿ ಜಾಸ್ತಿಯೇ ಇರುತ್ತದೆ. ಮೊದಲ ಮೂರು ದಿನ ತಂಪಾಗಿಟ್ಟರೆ ಮುಕ್ಕಾಲು ಕೆಲಸ ಆಯಿತು.

ಫರ್ಮೆಂಟರನ್ನು ನೀರಿನ ಟಬ್‌ನಲ್ಲಿ ನಿಲ್ಲಿಸಿ, ಮೈಗೆ ಒದ್ದೆ ಟವೆಲ್ ಸುತ್ತಿ, ಟವೆಲಿನ ತುದಿ ನೀರಲ್ಲೇ ಇರಲಿ. ಬೆಳಿಗ್ಗೆ-ಸಂಜೆ ಫ್ರೀಜರ್‌ನ ಎರಡು ಐಸ್ ಬಾಟಲಿ ಟಬ್‌ಗೆ ಬಿಡಿ. ಒಣ ಗಾಳಿಯ ಊರಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಇಷ್ಟೆಲ್ಲ ಯಾಕೆ ಅನ್ನಿಸಿದರೆ ನಾರ್ವೆ ಹಳ್ಳಿಗಳ ‘ಕ್ವೈಕ್’ ಯೀಸ್ಟ್ ತನ್ನಿ. 35 ಡಿಗ್ರಿಯಲ್ಲೂ ಶುದ್ಧವಾಗಿ, ಅದೂ ಕೆಲವೇ ದಿನದಲ್ಲಿ ಮುಗಿಸುತ್ತದೆ. ಬೇಸಿಗೆಗೆ ನಾನಾದರೆ ಅದನ್ನೇ ಆರಿಸುತ್ತೇನೆ.

ಈಗಿರುವ ಬಿಯರ್‌ನ ಬಾಳೆಹಣ್ಣಿನ ವಾಸನೆ ಒಂದಷ್ಟು ದಿನ ಬಿಟ್ಟರೆ ಸ್ವಲ್ಪ ಇಳಿಯಬಹುದು. ನೇಲ್ ಪಾಲಿಶ್ ವಾಸನೆ ಇಳಿಯುವ ಪೈಕಿ ಅಲ್ಲ. ಸುಮ್ನೆ ಚೆಲ್ಲಿ, ಬಾಟಲಿ ಒಣಗುವ ಮುಂಚೆ ತೊಳೆದಿಡಿ. ಗಸಿ ಒಣಗಿ ಅಂಟಿಕೊಂಡರೆ ಬಿಡಿಸುವುದು ಕಷ್ಟ.