ಹ್ಯಾಟಿನ ನೆತ್ತಿಗೆ ಹಬೆಯ ಕ್ರೀಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿರುವ ಮಗಳು ಅಕುಬ್ರಾ ಹ್ಯಾಟ್ ತಂದುಕೊಟ್ಟಿದ್ದಾಳೆ. ನೆತ್ತಿ ಗುಂಡಗೆ ಬೋಳಾಗಿದೆ, ಯಾವ ಕ್ರೀಸೂ ಇಲ್ಲ. ನಡುವೆ ಉದ್ದಕ್ಕೆ ತಗ್ಗು, ಮುಂದೆ ಎರಡು ಕಡೆ ಚಿವುಟಿದ ಹಾಗೆ ಬೇಕು. ಸ್ಟೀಮರ್ ಇಲ್ಲ. ಕುಕ್ಕರಿನ ಹಬೆ ಆದೀತೇ?
– ಓದುಗರು, ಶಿವಮೊಗ್ಗ

ಉತ್ತರ: ಕುಕ್ಕರ್ ಬೇಡ. ವೆಯ್ಟ್ ತೆಗೆದಿಟ್ಟರೂ ಸಣ್ಣ ತೂತಿನಿಂದ ಹಬೆ ಒಂದೇ ಜಾಗಕ್ಕೆ ಚಿಮ್ಮುತ್ತದೆ, ಜೊತೆಗೆ ನೀರಿನ ಹನಿಯೂ ಹಾರಿ ಫೆಲ್ಟಿನ (ನೇಯದೆ, ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ಮೇಲೆ ಕಲೆ ಉಳಿಯುತ್ತದೆ. ಇಡ್ಲಿ ಪಾತ್ರೆಯದ್ದು ತದ್ವಿರುದ್ಧ: ಬಾಯಿ ಅಗಲ, ಹಬೆ ಹ್ಯಾಟಿನೊಳಗೆಲ್ಲ ನುಗ್ಗುತ್ತದೆ. ಮೂತಿಯಿರುವ, ಗ್ಯಾಸಿನ ಮೇಲಿಡುವ ಕೆಟಲ್ ಎಲ್ಲಕ್ಕಿಂತ ಅನುಕೂಲ. ಅರ್ಧ ಮಾತ್ರ ನೀರು ಹಾಕಿ. ತುಂಬಿಸಿದರೆ ಮೂತಿಯಲ್ಲಿ ಕುದಿನೀರು ಉಕ್ಕುತ್ತದೆ.

ಅಕುಬ್ರಾ ಮೊಲದ ತುಪ್ಪಳದ ಫೆಲ್ಟ್. ಅದು ಹಬೆಗೆ ಚೆನ್ನಾಗಿ ಬಾಗುತ್ತದೆ, ತಣಿದ ಮೇಲೆ ಬಿಗಿಯಾಗಿ ನಿಲ್ಲುತ್ತದೆ. ಕುರಿಯುಣ್ಣೆಯ ಅಗ್ಗದ ಹ್ಯಾಟಾಗಿದ್ದರೆ ಹಬೆಯ ಹೊತ್ತನ್ನು ಅರ್ಧಕ್ಕೆ ಇಳಿಸಿ ಎನ್ನುತ್ತಿದ್ದೆವು, ಏಕೆಂದರೆ ಉಣ್ಣೆ ಬೇಗ ಕುಗ್ಗುತ್ತದೆ.

ಮೊದಲು ಹಿಂದು ಮುಂದು ಗುರುತಿಸಿಕೊಳ್ಳಿ. ಒಳಗಿನ ಚರ್ಮದ ಪಟ್ಟಿಯಲ್ಲಿ ಹೊಲಿಗೆ ಅಥವಾ ಪುಟ್ಟ ಗಂಟು ಇರುವ ಕಡೆ ಹಿಂಭಾಗ. ಹೊರಗಿನ ರಿಬ್ಬನ್ನಿನ ಗಂಟು ಸಾಮಾನ್ಯವಾಗಿ ಹಾಕಿಕೊಂಡವರ ಎಡಕ್ಕೆ ಬರುತ್ತದೆ. ಹಿಂದಿನಿಂದ ಮುಂದಕ್ಕೆ ನೆತ್ತಿಯ ಮೇಲೆ ಒಂದು ದಾರ ಎಳೆದು ನಡುಗೆರೆ ನೋಡಿಕೊಳ್ಳಿ. ಗುಂಡುಪಿನ್ನು ಚುಚ್ಚಬೇಡಿ, ತೂತು ಕಾಣುತ್ತದೆ.

ಹ್ಯಾಟಿನ ಅಂಚು ಹಿಡಿದು ನೆತ್ತಿಯನ್ನು ಮೂತಿಯ ಕಡೆ ಬಾಗಿಸಿ, ಸುಮಾರು 15 ಸೆಂ.ಮೀ. ದೂರದಲ್ಲಿ ಆಡಿಸುತ್ತಿರಿ. ಹಬೆ ಹೊರಗಿನಿಂದ ಮಾತ್ರ ತಾಗಬೇಕು. 20ರಿಂದ 30 ಸೆಕೆಂಡಿನಲ್ಲಿ ಫೆಲ್ಟ್ ಕಾವಲಿಯಿಂದ ಇಳಿಸಿದ ಚಪಾತಿಯ ಹಾಗೆ ಮೆತ್ತಗಾಗುತ್ತದೆ. ಮುಟ್ಟಿದರೆ ಬೆಚ್ಚಗೆ ತೇವ ಅನ್ನಿಸಬೇಕು, ಒದ್ದೆ ಅನ್ನಿಸಿದರೆ ಹೆಚ್ಚಾಯಿತು. ಕೈ ಸುಟ್ಟುಕೊಳ್ಳದಂತೆ ಹ್ಯಾಟನ್ನು ಹಬೆಯಿಂದ ದೂರ ತಂದೇ ಮುಂದಿನ ಕೆಲಸ ಮಾಡಿ.

ಅಂಗೈಯ ಅಂಚಿನಿಂದ ದಾರದ ಗುರುತಿನಲ್ಲಿ ಹಿಂದಿನಿಂದ ಮುಂದಕ್ಕೆ ಒತ್ತುತ್ತಾ ಬನ್ನಿ. ಹಿಂದಿನ ತುದಿಯಲ್ಲಿ ಎರಡು ಸೆಂ.ಮೀ. ಬಿಟ್ಟು ಶುರು ಮಾಡಿ. ಮೊದಲ ಸಲಕ್ಕೆ ಆಳ ಮೂರು ಸೆಂ.ಮೀ. ಸಾಕು, ಆಳ ಹೆಚ್ಚಿಸುವುದು ಸುಲಭ, ತಗ್ಗಿಸುವುದು ತಲೆನೋವು. ಒತ್ತಿದ ಕೈಯನ್ನು ತೆಗೆಯದೆ ಒಂದು ನಿಮಿಷ ಹಿಡಿದಿರಿ. ಕ್ರೀಸ್ ಕೂರುವುದು ಹಬೆಯಲ್ಲಲ್ಲ, ತಣಿಯುವಾಗ. ಬಿಸಿಗೂ ತೇವಕ್ಕೂ ತುಪ್ಪಳದ ಎಳೆ ಸಡಿಲವಾಗುತ್ತದೆ, ಗಡಸುತನಕ್ಕೆಂದು ಹಾಕಿದ ಅರಗೂ ಮೆದುವಾಗುತ್ತದೆ. ಇವೆರಡೂ ಯಾವ ಆಕಾರದಲ್ಲಿದ್ದಾಗ ತಣಿದು ಒಣಗುತ್ತವೋ ಅದನ್ನೇ ಹಿಡಿದುಕೊಳ್ಳುತ್ತವೆ.

ಬದಿಯ ಚಿವುಟಿಗೆ ಮುಂಭಾಗಕ್ಕೆ ಮಾತ್ರ ಇನ್ನೊಮ್ಮೆ 10–15 ಸೆಕೆಂಡು ಹಬೆ ಕೊಡಿ. ಮೂಗಿನ ನೇರಕ್ಕಿರುವ ಗೆರೆಯಿಂದ ಎಡಕ್ಕೂ ಬಲಕ್ಕೂ ಮೂರೂವರೆ ಸೆಂ.ಮೀ., ಮೇಲಿನ ಏಣಿನಿಂದ ಕೆಳಕ್ಕೆ ನಾಲ್ಕು ಸೆಂ.ಮೀ. ಈ ಎರಡು ಜಾಗವನ್ನು ಹೆಬ್ಬೆರಳು, ತೋರುಬೆರಳುಗಳಿಂದ ಒಟ್ಟಿಗೇ ಒಳಕ್ಕೆ ತಳ್ಳಿ. ಒಂದೊಂದಾಗಿ ಮಾಡಿದರೆ ಓರೆಯಾಗುವುದು ಖಚಿತ. ಕನ್ನಡಿಯಲ್ಲಿ ನೋಡಿ ಸರಿಪಡಿಸಿಕೊಳ್ಳಿ. ಕೈಯಲ್ಲಿ ಹಿಡಿದು ನೋಡಿದಾಗ ಸರಿಯಿದ್ದದ್ದು ತಲೆಯ ಮೇಲೆ ವಾರೆ ಕಾಣುವುದುಂಟು.

ಒಂದು ರಾತ್ರಿ ಒಣಗಬೇಕು. ಅಂಚು ಎಲ್ಲಿಗೂ ತಾಗದಂತೆ ಹ್ಯಾಟಿನ ಬಾಯಿಗಿಂತ ಸ್ವಲ್ಪ ಕಿರಿದಾದ ಸ್ಟೀಲ್ ಡಬ್ಬದ ಮೇಲೆ ಟವೆಲ್ ಸುತ್ತಿ ಅದಕ್ಕೆ ಹ್ಯಾಟ್ ಕೂರಿಸಿ. ತಗ್ಗಿನಲ್ಲಿ ಬಟ್ಟೆಯ ಚೀಲದಲ್ಲಿ ಕಟ್ಟಿದ ಕಾಲು ಕಿಲೋ ಅಕ್ಕಿ ಇಟ್ಟರೆ ಅದು ಮೇಲಕ್ಕೆ ಉಬ್ಬುವುದಿಲ್ಲ. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ.

ಪ್ರಶ್ನೆ: ಹೀಗೆಯೇ ಮಾಡಿದೆ. ಆದರೆ ಮಳೆಗಾಲ ಬಂದರೆ ಕ್ರೀಸ್ ಸಡಿಲವಾಗಿ ನೆತ್ತಿ ಉಬ್ಬುತ್ತದೆ. ಹ್ಯಾಟ್ ಉಣ್ಣೆಯದು.
– ಓದುಗರು, ಮಡಿಕೇರಿ

ಉತ್ತರ: ಗಾಳಿಯ ತೇವವೇ ನಿಮ್ಮ ಹ್ಯಾಟಿಗೆ ನಿಧಾನದ ಹಬೆ. ಮೆತ್ತನೆಯ ಉಣ್ಣೆ ಹ್ಯಾಟಿನಲ್ಲಿ ಅರಗು ಕಡಿಮೆ, ಹಾಗಾಗಿ ಬೇಗ ಸೋಲುತ್ತದೆ. ಮರಗೆಲಸದವರಿಗೆ ಪಾಲಿಶ್ ಸಾಮಾನು ಮಾರುವ ಅಂಗಡಿಯಲ್ಲಿ ಅರಗಿನ ಚಕ್ಕೆ ಸಿಗುತ್ತದೆ. 20 ಗ್ರಾಂ ಚಕ್ಕೆಯನ್ನು 250 ಮಿ.ಲೀ. ಸ್ಪಿರಿಟ್‌ನಲ್ಲಿ ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಹ್ಯಾಟಿನ ಒಳಮೈಗೆ ಮಾತ್ರ ತೆಳುವಾಗಿ ಸಿಂಪಡಿಸಿ. ಹೊರಮೈಗೆ ಬಿದ್ದರೆ ಹೊಳಪಿನ ಕಲೆ ನಿಲ್ಲುತ್ತದೆ. ತಿಳಿಬಣ್ಣದ ಹ್ಯಾಟಿಗೆ ಕಂದು ಅರಗು ಬೇಡ, ಬಿಳಿಚಿಸಿದ್ದನ್ನೇ ಕೇಳಿ. ಸ್ಪಿರಿಟ್ ಇರುವಾಗ ಗ್ಯಾಸ್ ಹಚ್ಚಿರಬಾರದು.

ಇನ್ನೊಂದು ವಿಷಯ: ಹ್ಯಾಟನ್ನು ಮುಂದಿನ ಚಿವುಟು ಹಿಡಿದು ಎತ್ತುವುದು ಸಿನಿಮಾದಲ್ಲಿ ಚೆನ್ನ. ದಿನಾ ಹಾಗೆ ಎತ್ತಿದರೆ ಆ ಮೂಲೆಯ ಫೆಲ್ಟ್ ಸವೆದು ಕೊನೆಗೆ ಬಿರಿಯುತ್ತದೆ. ಅಂಚು ಹಿಡಿದು ಎತ್ತಿ.

ಪ್ರಶ್ನೆ: ಹಬೆ ಕೊಟ್ಟ ಮೇಲೆ ಹ್ಯಾಟ್ ಬಿಗಿಯಾಗಿ ಹಣೆಯಲ್ಲಿ ಗೆರೆ ಬೀಳುತ್ತಿದೆ.
– ಓದುಗರು, ಹುಬ್ಬಳ್ಳಿ

ಉತ್ತರ: ಒಳಗಿನ ಚರ್ಮದ ಪಟ್ಟಿಗೆ ಹಬೆ ಹೊಡೆದು ಅದು ಕುಗ್ಗಿದೆ. ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೇವ ಮಾಡಿ, ಹ್ಯಾಟ್ ಹಾಕಿಕೊಂಡು ಒಣಗುವವರೆಗೆ ಇರಿ. ಸ್ವಲ್ಪ ಹಿಗ್ಗುತ್ತದೆ. ಬಿಸಿಗೆ ಗಟ್ಟಿಯಾಗಿ ಸೀದ ಚರ್ಮವಾದರೆ ಹಿಗ್ಗುವುದಿಲ್ಲ, ಪಟ್ಟಿಯನ್ನೇ ಬದಲಿಸಬೇಕು.

ಪ್ರಶ್ನೆ: ಸ್ಟೀಮ್ ಇಸ್ತ್ರಿಪೆಟ್ಟಿಗೆಯಿಂದ ನೇರವಾಗಿ ಒತ್ತಬಹುದೇ?
– ಓದುಗರು, ದಾವಣಗೆರೆ

ಉತ್ತರ: ಅಂಚಿಗಾದರೆ, ನಡುವೆ ಒದ್ದೆ ಹತ್ತಿಬಟ್ಟೆ ಹಾಕಿ ಒತ್ತಬಹುದು. ನೆತ್ತಿಗೆ ಬೇಡ, ನವಿರು ಮಲಗಿ ಮಿರುಗುವ ಚಪ್ಪಟೆ ಗುರುತು ಬೀಳುತ್ತದೆ. ಬಿದ್ದಿದ್ದರೆ ಲಘುವಾಗಿ ಹಬೆ ತೋರಿಸಿ ಮೃದು ಬ್ರಷ್‌ನಿಂದ ಎಬ್ಬಿಸಿ.

ಪ್ರಶ್ನೆ: ತಂದೆ ಕಾನ್‌ಸ್ಟೆಬಲ್ ಆಗಿದ್ದರು. 2025ರಲ್ಲಿ ನೀಲಿ ಪೀಕ್ ಕ್ಯಾಪ್ ಬಂದ ಮೇಲೆ ಅವರ ಸ್ಲೌಚ್ ಹ್ಯಾಟನ್ನು ನೆನಪಿಗೆ ಇಟ್ಟುಕೊಂಡಿದ್ದೇವೆ. ನೆತ್ತಿ ಕುಸಿದಿದೆ.
– ಓದುಗರು, ತುಮಕೂರು

ಉತ್ತರ: ಮೊದಲು ಅದು ಏನಿನದೆಂದು ನೋಡಿ. ಅಂಚನ್ನು ಬೆಳಕಿಗೆ ಹಿಡಿದಾಗ ಅಡ್ಡ ಉದ್ದ ನೂಲು ಕಂಡರೆ ಅದು ನೇಯ್ದ ಬಟ್ಟೆ, ಹಬೆಯಿಂದ ಇಷ್ಟು ಚೆನ್ನಾಗಿ ಕೂರುವುದಿಲ್ಲ. ಫೆಲ್ಟಾದರೆ ಒಳಪಟ್ಟಿಯ ಕೆಳಗಿನಿಂದ ನಾಲ್ಕು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು ಬೂದಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ಅದಕ್ಕೆ ಹಬೆಯ ಪ್ರಯೋಜನ ಕಡಿಮೆ. ಉಣ್ಣೆಯಾದರೆ ಲೋಹದ ಬ್ಯಾಡ್ಜ್ ತೆಗೆದಿಟ್ಟು ಹತ್ತು ಸೆಕೆಂಡು ಹಬೆ ಕೊಟ್ಟು, ಒಳಗಿನಿಂದ ಮುಷ್ಟಿಯಲ್ಲಿ ಮೆಲ್ಲಗೆ ತಳ್ಳಿ ಎಬ್ಬಿಸಿ. ಒಣಗುವವರೆಗೆ ಒಳಗೆ ಟವೆಲ್ ತುರುಕಿಡಿ. ನ್ಯೂಸ್‌ಪೇಪರ್ ತುರುಕಬೇಡಿ, ತೇವಕ್ಕೆ ಅದರ ಮಸಿ ಅಂಟುತ್ತದೆ.