ಎಲೆ ಮೇಲೆ ಮಚ್ಚೆ ಇರೋ ಹಳದಿ ಹೂವು ಯಾವ್ದು?

ಪ್ರಶ್ನೆ: ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಗಳ ಮನೆ ಹತ್ರ ಕಾಡಲ್ಲಿ ಏಪ್ರಿಲ್‌ನಲ್ಲಿ ಗೇಣುದ್ದದ ಗಿಡದಲ್ಲಿ ತಲೆ ತಗ್ಗಿಸಿದ ಹಳದಿ ಹೂವು ನೋಡ್ದೆ, ಎಲೆ ತುಂಬಾ ಕಂದು ಮಚ್ಚೆ. ಸುತ್ತ ನೂರಾರು ಗಿಡ ಇದ್ರೂ ಹೂವು ಇದ್ದಿದ್ದು ಐದಾರಕ್ಕೆ ಮಾತ್ರ. ಏನಿದು, ರೋಗನಾ?

ಉತ್ತರ: ರೋಗ ಅಲ್ಲ ಮೇಡಂ, ಆ ಮಚ್ಚೆನೇ ಅದರ ಗುರುತು. ನೀವು ನೋಡಿದ್ದು ಟ್ರೌಟ್ ಲಿಲಿ, ಎರಿಥ್ರೋನಿಯಂ ಅಮೆರಿಕಾನಂ, ಅಲ್ಲಿಯದೇ ಕಾಡುಹೂವು. ಇನ್ನೊಮ್ಮೆ ಹೋದ್ರೆ ಎಲೆ ಎಣಿಸಿ ನೋಡಿ, ಹೂವು ಬಿಟ್ಟಿರೋದಕ್ಕೆ ಎರಡು ಎಲೆ ಇರತ್ತೆ, ಬಿಡದೇ ಇರೋದಕ್ಕೆಲ್ಲ ಒಂದೇ, ಯಾಕಂದ್ರೆ ಬೀಜದಿಂದ ಹುಟ್ಟಿದ ಗಿಡ ನೆಲದೊಳಗಿನ ಗೆಡ್ಡೆ ದಪ್ಪ ಮಾಡ್ಕೊಂಡು ಹೂವಿಗೆ ಬರೋಕೆ ನಾಲ್ಕೈದು ವರ್ಷ, ಎಷ್ಟೋ ಸಲ ಅದಕ್ಕಿಂತ ಜಾಸ್ತಿನೇ ಬೇಕು. ಹೂವಿಗೆ ಹಿಂದಕ್ಕೆ ಮಡಚಿದ ಆರು ಎಸಳು, ರಾತ್ರಿ ಮುಚ್ಕೊಳ್ಳತ್ತೆ. ಮೂರು ಎಲೆ ಮೂರು ಎಸಳು ಇದ್ರೆ ಅದು ಟ್ರಿಲಿಯಂ, ಬೇರೆ. ಮಚ್ಚೆ ಇಲ್ಲದ ಹೊಳೆಯೋ ಎಲೆ, ಒಂದೇ ಕಾಂಡಕ್ಕೆ ಮೂರ್ನಾಲ್ಕು ಹೂವು ಇದ್ರೆ ಕ್ಲಿಂಟೋನಿಯಾ.

ಮರಗಳು ಚಿಗುರಿ ನೆರಳು ಬರೋಕ್ ಮುಂಚೆನೇ ಬಿಸಿಲು ಹಿಡಿದು ವರ್ಷದ ಕೆಲಸ ಎಲ್ಲ ಮುಗಿಸತ್ತೆ, ಬೇಸಿಗೆ ಹೊತ್ತಿಗೆ ಎಲೆನೂ ಮಾಯ. ಬೀಜ ಹೊತ್ಕೊಂಡು ಹೋಗೋದು ಇರುವೆಗಳು (ಬೀಜಕ್ಕೆ ಅಂಟಿರೋ ಎಣ್ಣೆ ಗಂಟಿನ ಆಸೆಗೆ!). ಕಿತ್ತು ತರೋಕೆ ಮಾತ್ರ ಹೋಗ್ಬೇಡಿ, ಗೆಡ್ಡೆ ಆಳದಲ್ಲಿರತ್ತೆ, ಎಳೆದ್ರೆ ಕೈಗೆ ಬರೋದು ಬರೀ ಎಲೆ.