ಹತ್ತರಲ್ಲೊಂದು ಪಾಲು: ಯಾವ ಮೊತ್ತದ ಮೇಲೆ, ಯಾರಿಗೆ?

ನಿಮ್ಮ ಯೆಹೂದಿ ಸಹೋದ್ಯೋಗಿ ಆದಾಯದಲ್ಲಿ ಬಡವರಿಗೆಂದು ತೆಗೆದಿಡುವ ಹತ್ತನೇ ಒಂದು ಪಾಲು ತೆರಿಗೆಗೆ ಮುಂಚಿನದೋ ಆಮೇಲಿನದೋ, ಅನ್ಯಧರ್ಮೀಯರಿಗೂ ಸಲ್ಲುತ್ತದೋ ಎಂದು ಕೇಳಿದ್ದೀರಿ.

ಇದಕ್ಕೆ ‘ಮಾಸೆರ್’ ಎನ್ನುತ್ತಾರೆ. ಸಾಮಾನ್ಯ ರೂಢಿಯಲ್ಲಿ ಆದಾಯ ತೆರಿಗೆ ಕಳೆದು ಉಳಿದದ್ದರ ಮೇಲೆ ಲೆಕ್ಕ: 60,000 ಕೈಗೆ ಬಂದರೆ 6,000. ಅಂಗಡಿಯವರಾದರೆ ವ್ಯಾಪಾರದ ಖರ್ಚು ಕಳೆದ ಲಾಭದ ಮೇಲೆ. ಮನೆ ಬಾಡಿಗೆ, ದಿನಸಿಯನ್ನೂ ಕಳೆಯಲು ಹೋಗುತ್ತಾರೆ ನೋಡಿ, ಎಡವುವುದು ಅಲ್ಲೇ. ಹಾಗೆ ಕಳೆದರೆ ತಿಂಗಳ ಕೊನೆಗೆ ಕೊಡಲು ಏನೂ ಉಳಿಯದು. ಅತ್ತ ಐದನೇ ಒಂದಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿಯೂ ಇದೆ, ಕೊಟ್ಟವನೇ ನಾಳೆ ಕೈಚಾಚಬಾರದಲ್ಲ.

ಮೊದಲು ಬಡ ಬಂಧುಗಳು, ಆಮೇಲೆ ಊರಿನ ಬಡವರು. ‘ಶಾಂತಿಯ ದಾರಿಗಾಗಿ’ ಬೇರೆ ಧರ್ಮದ ಬಡವರನ್ನೂ ಪೋಷಿಸಬೇಕೆಂದು ಯೆಹೂದಿ ಧರ್ಮಶಾಸ್ತ್ರದ ಪ್ರಾಚೀನ ಗ್ರಂಥ ತಾಲ್ಮುದ್‌ನಲ್ಲೇ ಇದೆ, ಆದ್ದರಿಂದ ಧಾರಾಳವಾಗಿ ಸಲ್ಲುತ್ತದೆ. ಪೂರಿಮ್ ಹಬ್ಬದಲ್ಲಿ ಇಬ್ಬರು ಬಡವರಿಗೆ ಕೊಡಲೇಬೇಕಾದದ್ದನ್ನು ಮಾತ್ರ ಈ ಹಣದಿಂದ ತೀರಿಸುವಂತಿಲ್ಲ.

ಇದನ್ನು ‘ದಾನ’ ಎಂದರೆ ಅರ್ಥ ಅರೆಬರೆ. ಇಂಥ ಕೊಡುಗೆಗೆ ಹೀಬ್ರೂವಿನಲ್ಲಿರುವ ‘ತ್ಸೆದಾಕಾ’ ಪದದ ಮೂಲ ಅರ್ಥ ನ್ಯಾಯ. 12ನೇ ಶತಮಾನದ ಯೆಹೂದಿ ಧರ್ಮಪಂಡಿತ ಮೈಮೊನಿದಿಸ್ ಹೇಳಿದ ತ್ಸೆದಾಕಾದ ಎಂಟು ಮೆಟ್ಟಿಲುಗಳಲ್ಲಿ ಮೇಲಿನದು ನೋಟು ಕೊಡುವುದಲ್ಲ. ಸಾಲವೋ ಪಾಲುದಾರಿಕೆಯೋ ಕೆಲಸವೋ ಕೊಟ್ಟು ಆ ಮನುಷ್ಯ ಮತ್ತೆ ಬೇಡದಂತೆ ಮಾಡುವುದು. ಬಡ್ಡಿಯಿಲ್ಲದೆ ಸಾಲ ಕೊಡುವ ‘ಗೆಮಾಖ್’ ನಿಧಿಗಳು ನಡೆಯುವುದು ಈ ಲೆಕ್ಕದಲ್ಲೇ.